ಕೆಮ್ಮಿದರೆ ಸೋರುತ್ತದೆ, ಯಾರಿಗೆ ಹೇಳಲಿ?

ಪ್ರಶ್ನೆ: ನನಗೆ 47 ವರ್ಷ. ಸುಂಟಿಕೊಪ್ಪದ ಹತ್ತಿರ ಮೂರು ಎಕರೆ ತೋಟ ಇದೆ. ಇಬ್ಬರು ಮಕ್ಕಳು, ಎರಡೂ ನಾರ್ಮಲ್ ಹೆರಿಗೆ. ಎರಡು ವರ್ಷದಿಂದ ಕೆಮ್ಮಿದರೆ, ಸೀನಿದರೆ, ಭಾರ ಎತ್ತಿದರೆ ಮೂತ್ರ ಸೋರುತ್ತದೆ. ಈ ಸಲ ಆಳು ಸಿಗದೆ ರೊಬಸ್ಟಾ ಕಾಫಿ ನಾವೇ ಕೊಯ್ದೆವು. ಮೂಟೆ ಎತ್ತಿ ಎತ್ತಿ ಲಂಗವೇ ಒದ್ದೆ. ತೋಟಕ್ಕೆ ಹೋಗುವ ದಿನ ನೀರು ಕುಡಿಯುವುದಿಲ್ಲ, ಆದರೂ ಅರ್ಧ ಗಂಟೆಗೊಮ್ಮೆ ಗಿಡದ ಮರೆಗೆ ಹೋಗಿ ಬರುತ್ತೇನೆ. ಗರ್ಭಚೀಲ ತೆಗೆಸಿಬಿಡು ಅನ್ನುತ್ತಾರೆ ಅತ್ತೆ. ತೆಗೆಸಬೇಕಾ?
— ಹೆಸರು ಬೇಡ

ಉತ್ತರ: ತೆಗೆಸಬೇಡಿ. ಕೆಮ್ಮಿದರೆ ಸೋರುವುದಕ್ಕೆ ಗರ್ಭಚೀಲ ತೆಗೆಸುವುದು ಮದ್ದಲ್ಲ. ಅತ್ತೆಯವರಿಗೆ ಇದನ್ನು ಓದಿ ಹೇಳಿ.

ನನ್ನದೇ ಕಥೆ ಹೇಳುತ್ತೇನೆ. ಮಡಿಕೇರಿಯಲ್ಲಿ ಫಿಸಿಯೋಥೆರಪಿ ಮಾಡಲು ಶುರುಮಾಡಿದ ಮೊದಲ ಹತ್ತು ವರ್ಷ ನಾನು ನೋಡಿದ್ದು ಬರೀ ಮೊಣಕಾಲು, ಭುಜ, ಸೊಂಟ. ಎರಡನೇ ಮಗುವಾದ ಮೇಲೆ ಊರಲ್ಲಿ ಕೈಲ್‌ಪೊಳ್ದ್ ಹಬ್ಬದ ಆಟೋಟ. ಹೆಂಗಸರ ಹಗ್ಗಜಗ್ಗಾಟಕ್ಕೆ ಹುಮ್ಮಸ್ಸಿನಿಂದ ನಿಂತೆ. ಒಂದೇ ಎಳೆತ, ಮುಗೀತು. ಸ್ವೆಟರನ್ನು ಸೊಂಟಕ್ಕೆ ಕಟ್ಟಿಕೊಂಡು ಮನೆಗೆ ಬಂದೆ. ಆಮೇಲೆ ಒಬ್ಬ ಡಾಕ್ಟರ ಹತ್ತಿರ ಹೋದರೆ, ‘ಹೆತ್ತವರಿಗೆ ಇದೆಲ್ಲ ಮಾಮೂಲಿ ಕಣಮ್ಮ’ ಅಂದು ಕಳಿಸಿದರು. ಎಷ್ಟೋ ಜನರಿಗೆ ಆಗುತ್ತದೆ, ಅದು ನಿಜ. ಹಾಗಂತ ಸಹಿಸಿಕೊಂಡೇ ಇರಬೇಕು ಅಂತೇನಿಲ್ಲ ಅಲ್ವಾ?

ಸೊಂಟದ ಗೂಡಿನ ತಳದಲ್ಲಿ, ಮುಂದಿನ ಮೂಳೆಯಿಂದ ಹಿಂದಿನ ಬಾಲದ ಮೂಳೆಯವರೆಗೆ, ಜೋಳಿಗೆ ಕಟ್ಟಿದ ಹಾಗೆ ಮಾಂಸಖಂಡ ಇರುತ್ತದೆ. ಇದನ್ನೇ ಪೆಲ್ವಿಕ್ ಫ್ಲೋರ್ ಅನ್ನುವುದು. ಮೂತ್ರಚೀಲ, ಗರ್ಭಚೀಲ, ಕರುಳಿನ ತುದಿ ಮೂರಕ್ಕೂ ಅದೇ ಆಸರೆ. ಬಸುರು, ಹೆರಿಗೆ, ಮುಕ್ಕಿ ಮುಕ್ಕಿ ಕಕ್ಕಸು ಮಾಡುವುದು, ವಾಸಿಯಾಗದ ಕೆಮ್ಮು, ದಿನಾ ಭಾರ ಹೊರುವುದು, ಇದೆಲ್ಲ ಸೇರಿ ಜೋಳಿಗೆ ಸಡಿಲ ಆಗುತ್ತದೆ. ಕೆಮ್ಮಿದಾಗ ಹೊಟ್ಟೆಯ ಒತ್ತಡ ಕೆಳಗೆ ಬೀಳುತ್ತದೆ, ಸಡಿಲ ಜೋಳಿಗೆಗೆ ತಡೆಯಲು ಆಗುವುದಿಲ್ಲ. ಆದರೆ ಇದು ತೋಳಿನ ಹಾಗೇ ಮಾಂಸಖಂಡ. ಪಳಗಿಸಿದರೆ ಬಲ ಬರುತ್ತದೆ. ಅಮೆರಿಕದ ಡಾಕ್ಟರ್ ಆರ್ನಾಲ್ಡ್ ಕೆಗೆಲ್ 1948ರಲ್ಲೇ ಇದನ್ನು ಬರೆದರು. ಅದಕ್ಕೇ ಈ ವ್ಯಾಯಾಮಕ್ಕೆ ಅವರ ಹೆಸರು.

ಮಾಡುವ ಬಗೆ. ಮಂಡಿ ಮಡಚಿ ಅಂಗಾತ ಮಲಗಿ. ನೆಂಟರ ಮುಂದೆ ಗ್ಯಾಸ್ ತಡೆದುಕೊಳ್ಳುತ್ತೀರಲ್ಲ, ಹಾಗೆ ಹಿಂದಿನಿಂದ ಬಿಗಿ ಮಾಡಿ, ಆ ಬಿಗಿಯನ್ನು ಮುಂದಕ್ಕೂ ಮೇಲಕ್ಕೂ ಎಳೆಯಿರಿ. ಮೂರು ನಾಲ್ಕು ಸೆಕೆಂಡ್ ಹಿಡಿದು ಪೂರ್ತಿ ಬಿಡಿ. ಬಿಡುವುದಕ್ಕೂ ಅಷ್ಟೇ ಹೊತ್ತು ಕೊಡಿ. ಒಂದು ಸಲಕ್ಕೆ ಎಂಟು, ದಿನಕ್ಕೆ ಮೂರು ಸಲ. ನಿಧಾನಕ್ಕೆ ಹತ್ತು ಸೆಕೆಂಡಿನವರೆಗೆ ಹೋಗಿ. ಮಲಗಿ ರೂಢಿಯಾದ ಮೇಲೆ ಕೂತು, ಆಮೇಲೆ ನಿಂತು. ಕಡಿಮೆ ಅಂದರೆ ಮೂರು ತಿಂಗಳು ಬೇಕು. ಹದಿನೈದು ದಿನಕ್ಕೆ ‘ಏನೂ ಆಗಲಿಲ್ಲ’ ಅಂತ ಬಿಡುವವರೇ ಜಾಸ್ತಿ.

ತಪ್ಪು ಮಾಡುವವರೂ ಜಾಸ್ತಿ. ನನ್ನ ಹತ್ತಿರ ಬರುವವರಿಗೆ ‘ಬಿಗಿ ಮಾಡಿ’ ಅಂದರೆ ಉಸಿರು ಕಟ್ಟಿ, ಕುಂಡೆ ಹಿಂಡಿ, ತೊಡೆ ಜೋಡಿಸಿ, ಹಲ್ಲು ಕಚ್ಚುತ್ತಾರೆ. ಕೆಲವರು ಮೇಲಕ್ಕೆ ಎಳೆಯುವ ಬದಲು ಕೆಳಕ್ಕೆ ಮುಕ್ಕುತ್ತಾರೆ. ಅದರಿಂದ ತೊಂದರೆ ಇನ್ನೂ ಹೆಚ್ಚಾಗುತ್ತದೆ. ಬಿಗಿ ಮಾಡುತ್ತಲೇ ಒಂದರಿಂದ ಐದು ಜೋರಾಗಿ ಎಣಿಸಿ. ಮಾತು ಬಂದರೆ ಉಸಿರು ಕಟ್ಟಿಲ್ಲ ಅಂತ ಲೆಕ್ಕ. ಮೂತ್ರ ಮಾಡುವಾಗ ನಡುವೆ ತಡೆದು ಅಭ್ಯಾಸ ಮಾಡಬೇಡಿ, ಮೂತ್ರಚೀಲ ಪೂರ್ತಿ ಖಾಲಿಯಾಗದೆ ಉಳಿಯಬಹುದು. ಒಮ್ಮೆಯಾದರೂ ಇದರಲ್ಲಿ ತರಬೇತಿ ಆದ ಫಿಸಿಯೋಥೆರಪಿಸ್ಟ್ ಹತ್ತಿರ ತೋರಿಸಿ. ಗ್ಲೌಸ್ ಹಾಕಿ ಒಳಗೆ ಬೆರಳಿಟ್ಟು ಪರೀಕ್ಷಿಸಬೇಕಾಗಬಹುದು. ನಿಮ್ಮ ಒಪ್ಪಿಗೆ ಇದ್ದರೆ ಮಾತ್ರ. ಬೇಡ ಅಂದರೆ ಬೇಡ. ಎಲ್ಲ ಫಿಸಿಯೋಗಳೂ ಇದನ್ನು ಮಾಡುವುದಿಲ್ಲ, ಹೋಗುವ ಮೊದಲು ಫೋನ್ ಮಾಡಿ ಕೇಳಿ.

ಇನ್ನು ತೋಟದ ಕೆಲಸಕ್ಕೆ ಒಂದು ಉಪಾಯ. ಕೆಮ್ಮು ಬರುತ್ತಿದೆ ಅನ್ನಿಸಿದಾಗ, ಮೂಟೆಗೆ ಕೈ ಹಾಕುವ ಮುಂಚೆ, ಮೊದಲು ಬಿಗಿ ಮಾಡಿ, ಆಮೇಲೆ ಕೆಮ್ಮಿ ಅಥವಾ ಎತ್ತಿ. ಎತ್ತುವಾಗ ಉಸಿರು ಬಿಡುತ್ತಾ ಎತ್ತಿ. ದೊಡ್ಡ ಮೂಟೆಯನ್ನು ಎರಡು ಮಾಡಿ. ನಾಲ್ಕು ನಡೆ ಜಾಸ್ತಿಯಾದರೆ ಆಗಲಿ.

ನೀರು ಕುಡಿಯದೆ ಇರುವುದು ಮಾತ್ರ ದೊಡ್ಡ ತಪ್ಪು. ಮೂತ್ರ ಗಟ್ಟಿಯಾಗಿ ಚೀಲಕ್ಕೇ ಉರಿ ಕೊಡುತ್ತದೆ, ಮಲಬದ್ಧತೆ ಬೇರೆ. ‘ಯಾವುದಕ್ಕೂ ಇರಲಿ’ ಅಂತ ಅರ್ಧ ಗಂಟೆಗೊಮ್ಮೆ ಹೋದರೆ ಸ್ವಲ್ಪ ತುಂಬಿದರೂ ಅವಸರ ಮಾಡುವುದನ್ನು ಮೂತ್ರಚೀಲ ಕಲಿಯುತ್ತದೆ. ಅರ್ಧ ಗಂಟೆಯನ್ನು ಮುಕ್ಕಾಲು ಮಾಡಿ, ಮುಂದಿನ ವಾರ ಒಂದು ಗಂಟೆ. ಹಗಲಲ್ಲಿ ಎರಡು ಮೂರು ಗಂಟೆಗೊಮ್ಮೆ ಹೋದರೆ ಸಾಕು. ಕಾಫಿ ಎಷ್ಟು ಕುಡಿಯುತ್ತೀರಿ ಅಂತ ಬರೆದಿಲ್ಲ. ಕೊಡಗಿನಲ್ಲಿ ಕೂತು ಕಾಫಿ ಕಡಿಮೆ ಮಾಡಿ ಅಂದರೆ ಬೈಸಿಕೊಳ್ಳುತ್ತೇನೆ. ಆದರೂ ಹೇಳಬೇಕು: ಕಾಫಿಯಲ್ಲಿರುವ ಕೆಫೀನ್ ಮೂತ್ರದ ಅವಸರ ಹೆಚ್ಚಿಸುತ್ತದೆ, ನಿಮ್ಮ ರೊಬಸ್ಟಾದಲ್ಲಿ ಅದು ಅರೇಬಿಕಾದ ಸುಮಾರು ಎರಡರಷ್ಟು. ಎರಡು ಲೋಟಕ್ಕೆ ನಿಲ್ಲಿಸಿ ನೋಡಿ.

ಮೊದಲು ಒಂದು ಸಲ ಮೂತ್ರ ಪರೀಕ್ಷೆ, ಶುಗರ್ ಪರೀಕ್ಷೆ ಮಾಡಿಸಿ. ಮೂತ್ರದಲ್ಲಿ ರಕ್ತ, ಉರಿ, ಜ್ವರ, ಕೆಳಗೆ ಗಡ್ಡೆ ಜಾರಿದ ಹಾಗೆ ಅನ್ನಿಸುವುದು ಇದ್ದರೆ ವ್ಯಾಯಾಮ ಅಂತ ಕಾಯಬೇಡಿ, ಹೆಂಗಸರ ಡಾಕ್ಟರಿಗೆ ತೋರಿಸಿ.

ಪ್ರಶ್ನೆ: ವಯಸ್ಸು 29, ವಿರಾಜಪೇಟೆ. ಹೆರಿಗೆಯಾಗಿ ಏಳು ತಿಂಗಳು. ಮೊಬೈಲಿನಲ್ಲಿ ನೋಡಿ ದಿನಕ್ಕೆ ನೂರು ಸಲ ಕೆಗೆಲ್ ಮಾಡುತ್ತೇನೆ. ಈಗ ಕೆಳಗೆ ನೋವು, ಗಂಡನ ಜೊತೆ ಸೇರುವಾಗ ಇನ್ನೂ ನೋವು. ಇನ್ನೂರು ಮಾಡಲಾ?

ಉತ್ತರ: ಬೇಡಮ್ಮಾ, ಇವತ್ತೇ ನಿಲ್ಲಿಸಿ! ಎಲ್ಲರ ಜೋಳಿಗೆಯೂ ಸಡಿಲ ಇರುವುದಿಲ್ಲ. ಕೆಲವರದ್ದು ಸದಾ ಬಿಗಿದುಕೊಂಡೇ ಇರುತ್ತದೆ. ಅದನ್ನು ಇನ್ನಷ್ಟು ಬಿಗಿದರೆ ನೋವೇ. ಹೊಲಿಗೆಯ ಗಾಯದಿಂದಲೂ ನೋವು ಬರಬಹುದು, ಅದಕ್ಕೇ ಮೊದಲು ಹೆಂಗಸರ ಡಾಕ್ಟರಿಗೆ ತೋರಿಸಿ. ಬಿಗಿಯೇ ಕಾರಣ ಆಗಿದ್ದರೆ ನೀವು ಕಲಿಯಬೇಕಾದದ್ದು ಬಿಡುವುದನ್ನು. ಹೊಟ್ಟೆಯ ಮೇಲೆ ಕೈಯಿಟ್ಟು ಮಲಗಿ. ಉಸಿರು ಒಳಗೆ ಹೋದಾಗ ಹೊಟ್ಟೆ ಏಳಲಿ, ಕೆಳಗಿನ ಭಾಗ ಮೆತ್ತಗೆ ಹರಡಲಿ. ದಿನಕ್ಕೆ ಎರಡು ಸಲ, ಐದೈದು ನಿಮಿಷ. ನೋವು ಸಹಿಸಿಕೊಂಡು ಸೇರಬೇಡಿ. ಗಂಡನಿಗೆ ಈ ಪುಟ ಓದಲು ಕೊಡಿ, ನೀವೇ ಹೇಳುವುದಕ್ಕಿಂತ ಸುಲಭ.

ಪ್ರಶ್ನೆ: ಕುಶಾಲನಗರದಿಂದ. ನಮ್ಮ ಮನೆಯವರಿಗೆ 67 ವರ್ಷ, ಕ್ಯಾನ್ಸರ್ ಅಂತ ಪ್ರಾಸ್ಟೇಟ್ ಗ್ರಂಥಿ ತೆಗೆದು ಎರಡು ತಿಂಗಳಾಯಿತು. ಕುರ್ಚಿಯಿಂದ ಎದ್ದರೆ ಸೋರುತ್ತದೆ. ನಾಚಿಕೆಯಿಂದ ಸಂತೆಗೂ ಹೋಗುತ್ತಿಲ್ಲ. ಕೆಗೆಲ್ ಮಾಡಿ ಅಂದರೆ, ಇದು ಹೆಂಗಸರ ವ್ಯಾಯಾಮ ಅಂತಾರೆ.

ಉತ್ತರ: ಗಂಡಸರಿಗೂ ಅದೇ ಜೋಳಿಗೆ ಇದೆ, ಹೇಳಿ ಅವರಿಗೆ. ಈ ಆಪರೇಷನ್ ಆದ ಮೇಲೆ ಕೆಲವು ತಿಂಗಳು ಸೋರುವುದು ಸಾಮಾನ್ಯ, ಹೆಚ್ಚಿನವರಲ್ಲಿ ನಿಧಾನಕ್ಕೆ ಕಡಿಮೆಯಾಗುತ್ತದೆ. ಆಪರೇಷನ್ ಮಾಡಿದ ಡಾಕ್ಟರನ್ನು ಕೇಳಿ ಶುರುಮಾಡಿ. ಗಂಡಸರಿಗೆ ನಾನು ಹೇಳುವ ಗುರುತು: ತಣ್ಣೀರಿಗೆ ಇಳಿದಾಗ ಮುಂದಿನ ಅಂಗ ಒಳಕ್ಕೆ ಎಳೆದುಕೊಳ್ಳುತ್ತದಲ್ಲ, ಆ ಎಳೆತ. ಕುರ್ಚಿಯಿಂದ ಏಳುವ ಮೊದಲು ಬಿಗಿ ಮಾಡಿ ಏಳಲಿ. ದಿನಕ್ಕೆ ಎಷ್ಟು ಪ್ಯಾಡ್ ಬದಲಾಯಿಸಿದರು ಅಂತ ಕ್ಯಾಲೆಂಡರಿನಲ್ಲಿ ಬರೆದಿಡಿ. ಗಂಡಸರ ಪ್ಯಾಡ್ ಮೆಡಿಕಲ್ ಶಾಪಿನಲ್ಲಿ ಕೇಳಿದರೆ ತರಿಸಿಕೊಡುತ್ತಾರೆ. ಅದನ್ನು ಹಾಕಿಕೊಂಡು ಈ ವಾರವೇ ಸಂತೆಗೆ ಹೋಗಿ ಬರಲಿ.