ಓದುಗರ ಪ್ರಶ್ನೆ: 11 ಗಂಟೆ ಬಾಕಿ ಇದೆ, ಓಡಿಸೋಕೆ ಹೊತ್ತಿಲ್ಲ!

ಅಮೆರಿಕ ಮತ್ತು ಯುರೋಪಿನಲ್ಲಿ ದೂರದ ಲಾರಿ ಓಡಿಸುತ್ತಿರುವ, ಇಲ್ಲವೇ ಆ ಕೆಲಸಕ್ಕೆ ಹೊರಟು ನಿಂತಿರುವ ಓದುಗರ ಪ್ರಶ್ನೆಗಳಿಗೆ ಈ ಸಲದ ಅಂಕಣ ಮೀಸಲು. ಹೆಚ್ಚಿನವರು ಕೇಳಿರುವುದು ಅಮೆರಿಕದ ಲೆಕ್ಕ. ಹಾಗಾಗಿ ಅಲ್ಲಿಂದಲೇ ಶುರು.

ಪ್ರಶ್ನೆ: ದಿನಕ್ಕೆ 11 ಗಂಟೆ ಓಡಿಸಬಹುದು ಅಂತ ಕಲಿಸಿದರು. ನನಗೆ ಒಂಬತ್ತು, ಒಂಬತ್ತೂವರೆ ಗಂಟೆ ಓಡಿಸುವಷ್ಟರಲ್ಲೇ ದಿನ ಮುಗಿದುಹೋಗುತ್ತದೆ. ತಪ್ಪು ಎಲ್ಲಿ?

ಉತ್ತರ: ಓಡಿಸುವುದರಲ್ಲಿ ತಪ್ಪಿಲ್ಲ, ಡ್ಯೂಟಿ ಶುರುಮಾಡುವ ಹೊತ್ತಿನಲ್ಲಿದೆ. ಸತತ 10 ಗಂಟೆ ವಿಶ್ರಾಂತಿಯಾದ ಮೇಲೆ ನಿಮಗೆ ಎರಡು ಗಡಿಯಾರ ಸಿಗುತ್ತವೆ. ಒಂದು 11 ಗಂಟೆಯದು, ಚಕ್ರ ಉರುಳಿದಾಗ ಮಾತ್ರ ಕರಗುತ್ತದೆ. ಇನ್ನೊಂದು 14 ಗಂಟೆಯದು. ಮೊದಲ ಕೆಲಸಕ್ಕೆ ಕೈಹಾಕಿದ ಕ್ಷಣದಿಂದ ಓಡತೊಡಗುವ ಇದು ನೀವು ಊಟಕ್ಕೆ ಕೂತರೂ ನಿಲ್ಲುವುದಿಲ್ಲ. 14 ಮುಗಿದ ಮೇಲೆ ಇತರ ಕೆಲಸ ಮಾಡಬಹುದು, ಸ್ಟೀರಿಂಗ್ ಹಿಡಿಯುವ ಹಾಗಿಲ್ಲ.

ಲೆಕ್ಕ ಹಾಕಿ ನೋಡಿ. ಬೆಳಿಗ್ಗೆ 6ಕ್ಕೆ ಡ್ಯೂಟಿಗೆ ಬಂದಿರಿ. ಟಯರ್, ಬ್ರೇಕ್, ದೀಪ ನೋಡಿ 6.20ಕ್ಕೆ ಹೊರಟು 9.20ಕ್ಕೆ ಗೋದಾಮು ತಲುಪಿದಿರಿ. ಅಲ್ಲಿ ನಾಲ್ಕು ಗಂಟೆ ಕಾಯಿಸಿದರು. 1.20ಕ್ಕೆ ಬಿಟ್ಟರೆ ರಾತ್ರಿ 8ಕ್ಕೆ ಕಿಟಕಿ, ಅಂದರೆ ಓಡಿಸಲು ಬಿಡುವ ಆ 14 ಗಂಟೆಯ ಅವಧಿ, ಮುಚ್ಚುತ್ತದೆ. ಉಳಿದದ್ದು 6 ಗಂಟೆ 40 ನಿಮಿಷ. ಮೊದಲಿನ ಮೂರು ಸೇರಿಸಿದರೆ 9 ಗಂಟೆ 40 ನಿಮಿಷ. ಮಿಕ್ಕ 1 ಗಂಟೆ 20 ನಿಮಿಷ ಗೋದಾಮಿನ ಬಾಗಿಲಲ್ಲೇ ಹೋಯಿತು. ವೇಗ ಹೆಚ್ಚಿಸಿ ಇದನ್ನು ವಾಪಸ್ ಪಡೆಯಲು ಆಗದು.

ಮಾಡಬಹುದಾದದ್ದು ಇಷ್ಟು. ಸಾಧ್ಯವಾದರೆ ಹಿಂದಿನ ರಾತ್ರಿಯೇ ಗೋದಾಮಿನ ಹತ್ತಿರ ಹೋಗಿ ಮಲಗಿ. ರಾತ್ರಿ ಅಲ್ಲೇ ನಿಲ್ಲಿಸಲು ಬಿಡುತ್ತಾರೆಯೇ ಎಂದು ಮೊದಲೇ ಫೋನ್ ಮಾಡಿ ಕೇಳಿ. ಕರೆ ಬರುವ ತನಕ ಲಾಗ್ ಯಂತ್ರದ (ಚಾಲನೆ, ಕೆಲಸ, ವಿಶ್ರಾಂತಿಯ ಹೊತ್ತು ದಾಖಲಿಸುವ ಸಾಧನ) ಡ್ಯೂಟಿ ಬಟನ್ ಮುಟ್ಟಬೇಡಿ. ಎಚ್ಚರವಾಯಿತು ಅಂತ 5 ಗಂಟೆಗೇ ಲಾಗಿನ್ ಆಗಿ, ಆಮೇಲೆ ಸ್ನಾನಕ್ಕೆ ಹೋಗುವವರು ಬಹಳ ಮಂದಿ!

ಪ್ರಶ್ನೆ: ಆ ನಾಲ್ಕು ಗಂಟೆ ಬಂಕ್‌ನಲ್ಲಿ (ಲಾರಿಯೊಳಗಿನ ಮಲಗುವ ಜಾಗ) ಮಲಗಿದ್ದರೆ 14ರ ಗಡಿಯಾರ ನಿಲ್ಲುತ್ತದೆ ಅನ್ನುತ್ತಾರಲ್ಲ?

ಉತ್ತರ: ನಿಲ್ಲುತ್ತದೆ, ಆದರೆ ಜೋಡಿ ಕೂಡಿದರೆ ಮಾತ್ರ. 10 ಗಂಟೆಯ ವಿಶ್ರಾಂತಿಯನ್ನು ಎರಡು ತುಂಡು ಮಾಡಬಹುದು. ಒಂದು ತುಂಡು ಕನಿಷ್ಠ 7 ಗಂಟೆ ಸ್ಲೀಪರ್ ಬಂಕ್‌ನಲ್ಲೇ ಕಳೆದಿರಬೇಕು. ಇನ್ನೊಂದು ಕನಿಷ್ಠ 2 ಗಂಟೆ. ಅದು ಬಂಕ್‌ನಲ್ಲಾದರೂ ಸರಿ, ಡ್ಯೂಟಿ ಬಿಟ್ಟು ಹೊರಗೆ ಕಳೆದರೂ ಸರಿ. ಎರಡೂ ಸೇರಿ 10ಕ್ಕೆ ಕಡಿಮೆ ಆಗಬಾರದು. ಹೀಗೆ ಕೂಡಿದರೆ ಎರಡು ತುಂಡುಗಳೂ 14ರ ಲೆಕ್ಕಕ್ಕೆ ಬರುವುದಿಲ್ಲ. 2020ರ ಸೆಪ್ಟೆಂಬರ್ 29ರಿಂದ ನಿಯಮ ಹೀಗಿದೆ.

ಮೇಲಿನ ಉದಾಹರಣೆಯಲ್ಲೇ 9.20ರಿಂದ 1.20ರವರೆಗೆ ಬಂಕ್ ಎಂದು ದಾಖಲಾದರೆ ಕಿಟಕಿ ರಾತ್ರಿ 8ರ ಬದಲು 12ಕ್ಕೆ ಮುಚ್ಚುತ್ತದೆ. ನೀವು ಉಳಿದ 8 ಗಂಟೆ ಓಡಿಸಿ 9.20ಕ್ಕೆ ನಿಲ್ಲಿಸಿ, 7 ಗಂಟೆ ಮಲಗಿ ಬೆಳಗಿನ 4.20ಕ್ಕೆ ಏಳುತ್ತೀರಿ. ಹೆಚ್ಚಿನವರು ಮುಗ್ಗರಿಸುವುದು ಇಲ್ಲಿಯೇ. 11 ಪೂರ್ತಿ ಮರಳಿ ಬಂತೆಂದು ಹೊರಟುಬಿಡುತ್ತಾರೆ. ಬಂದಿಲ್ಲ. ಹೊಸ ಲೆಕ್ಕ ಶುರುವಾಗುವುದು ಮೊದಲ ತುಂಡು ಮುಗಿದ 1.20ರಿಂದ. ಅಲ್ಲಿಂದೀಚೆಗೆ 8 ಗಂಟೆ ಓಡಿಸಿ ಆಗಿದೆ. ಹಾಗಾಗಿ ಕೈಯಲ್ಲಿರುವುದು 3 ಗಂಟೆ ಚಾಲನೆ, 6 ಗಂಟೆ ಕಿಟಕಿ. ಪೂರ್ತಿ 11 ಬೇಕಿದ್ದರೆ ಇನ್ನೂ ಮೂರು ಗಂಟೆ ಮಲಗಿ 10 ಮುಗಿಸಬೇಕಿತ್ತು. ಮರುದಿನದ ಲೋಡ್ ದೂರದ್ದಾಗಿದ್ದರೆ ತುಂಡು ಮಾಡದಿರುವುದೇ ಲಾಭ ಎಂಬುದು ನಮ್ಮ ಅಭಿಪ್ರಾಯ.

ಇನ್ನೊಂದು ಅಪಾಯವೂ ಇದೆ. ಮಲಗಿ ಒಂದೂಮುಕ್ಕಾಲು ಗಂಟೆಯಾಗಿರುತ್ತದೆ, "ಲಾರಿ ಆ ಬಾಗಿಲಿಗೆ ಹಚ್ಚಿ" ಎಂದು ಎಬ್ಬಿಸುತ್ತಾರೆ. ಗಂಟೆಗೆ 5 ಮೈಲಿ, ಅಂದರೆ ಸುಮಾರು 8 ಕಿ.ಮೀ. ದಾಟಿದರೆ ಲಾಗ್ ಯಂತ್ರ ಚಾಲನೆ ಎಂದು ಬರೆದುಕೊಳ್ಳುತ್ತದೆ. ಬಂಕ್ ತುಂಡು ಅಲ್ಲಿಗೆ ಮುರಿಯಿತು. ನಿಧಾನ ಹೋದರೂ ಅದು ಕೆಲಸವೇ. ಮಾಲು ಇಳಿಸುವಾಗ ಪಕ್ಕದಲ್ಲಿ ನಿಂತು ಎಣಿಸುತ್ತಿದ್ದರಂತೂ ಅದನ್ನು ವಿಶ್ರಾಂತಿ ಎಂದು ಬರೆಯುವುದು ಸುಳ್ಳು ಲಾಗ್.

ಪ್ರಶ್ನೆ: 30 ನಿಮಿಷದ ವಿರಾಮವನ್ನು ಡೀಸೆಲ್ ಹಾಕಿಸುವಾಗ ಮುಗಿಸಬಹುದೇ?

ಉತ್ತರ: ಬಹುದು. ಒಟ್ಟು 8 ಗಂಟೆ ಚಾಲನೆ ಮುಗಿದ ಮೇಲೆ ಮತ್ತೆ ಓಡಿಸಲು 30 ನಿಮಿಷದ ಬಿಡುವು ಆಗಿರಬೇಕು. ಚಕ್ರ ನಿಂತಿದ್ದರೆ ಸಾಕು, ಡ್ಯೂಟಿಯಲ್ಲಿದ್ದರೂ ನಡೆಯುತ್ತದೆ. ಆದರೆ 30 ಒಂದೇ ಪಟ್ಟಾಗಿ ಆಗಬೇಕು. ಹತ್ತತ್ತು ನಿಮಿಷದ ಮೂರು ನಿಲುಗಡೆ ಲೆಕ್ಕಕ್ಕಿಲ್ಲ. ಪಂಪ್‌ನಿಂದ ಪಾರ್ಕಿಂಗ್ ಜಾಗಕ್ಕೆ ಲಾರಿ ಸರಿಸಿದರೆ ಎಣಿಕೆ ಮತ್ತೆ ಸೊನ್ನೆಯಿಂದ. ಒಂದೆರಡು ನಿಮಿಷ ಹೆಚ್ಚೇ ನಿಲ್ಲಿ.

ಪ್ರಶ್ನೆ: ವಾರಕ್ಕೊಮ್ಮೆ 34 ಗಂಟೆ ನಿಲ್ಲಲೇಬೇಕೇ?

ಉತ್ತರ: ಕಡ್ಡಾಯವಲ್ಲ. ಸತತ 34 ಗಂಟೆ ವಿಶ್ರಾಂತಿ ಪಡೆದರೆ ವಾರದ ಗಂಟೆಗಳ ಲೆಕ್ಕ ಮತ್ತೆ ಸೊನ್ನೆಯಿಂದ ಶುರುವಾಗುತ್ತದೆ, ಅಷ್ಟೇ. ವಾರದ ಏಳೂ ದಿನ ಲಾರಿ ಓಡಿಸುವ ಕಂಪನಿಗಳು 8 ದಿನಕ್ಕೆ 70 ಗಂಟೆಯ ಲೆಕ್ಕ ಇಟ್ಟುಕೊಳ್ಳಬಹುದು. ಉಳಿದವಕ್ಕೆ 7 ದಿನಕ್ಕೆ 60. ಇದರಲ್ಲಿ ಚಾಲನೆ ಮಾತ್ರವಲ್ಲ, ಕಾಯುವುದು, ತಪಾಸಣೆ, ಡೀಸೆಲ್ ಹಾಕಿಸುವುದು ಎಲ್ಲವೂ ಸೇರುತ್ತವೆ. ಒಂಬತ್ತನೇ ದಿನ ಮೊದಲ ದಿನದ ಗಂಟೆಗಳು ಕಳಚಿ ಕೈಗೆ ಬರುತ್ತವೆ. 70ನ್ನು 8ರಿಂದ ಭಾಗಿಸಿದರೆ 8 ಗಂಟೆ 45 ನಿಮಿಷ. ದಿನವೂ ಅಷ್ಟರೊಳಗೆ ಮುಗಿಸಿದರೆ 34 ಗಂಟೆಯ ಮರುಆರಂಭವೇ ಬೇಡ. ಮೊದಲ ಐದು ದಿನ 13 ಗಂಟೆಯಂತೆ ಎಳೆದರೆ 65 ಮುಗಿಯಿತು, ಆರನೇ ದಿನ ದಾರಿ ಮಧ್ಯೆ ಸಿಕ್ಕಿಬಿದ್ದ ಹಾಗೆ.

ಪ್ರಶ್ನೆ: ಮಾಲು ಇಳಿಸುವಷ್ಟರಲ್ಲಿ ಗಂಟೆ ಮುಗಿದಿದೆ, ಗೋದಾಮಿನವರು ಹೊರಡು ಎನ್ನುತ್ತಾರೆ. ಆಗ?

ಉತ್ತರ: ಹತ್ತಿರದ ಸುರಕ್ಷಿತ ನಿಲುಗಡೆಗೆ ಸ್ವಂತ ಓಡಾಟದ ಬಟನ್ ಒತ್ತಿ ಹೋಗಬಹುದು. ಯಾಕೆ, ಎಲ್ಲಿಂದ ಎಲ್ಲಿಗೆ ಎಂದು ಲಾಗ್‌ನಲ್ಲಿ ಎರಡು ಸಾಲು ಟಿಪ್ಪಣಿ ಹಾಕಿ. ಆದರೆ ಹತ್ತಿರದ ಜಾಗ ಬಿಟ್ಟು, ಮುಂದಿನ ಲೋಡ್‌ನ ದಿಕ್ಕಿನಲ್ಲಿ ದೂರ ಹೋದರೆ ಅದು ಕಂಪನಿಯ ಕೆಲಸವಾಗುತ್ತದೆ, ಉಲ್ಲಂಘನೆ ಬರೆಯುತ್ತಾರೆ.

ಪ್ರತಿಕೂಲ ಹವಾಮಾನ, ರಸ್ತೆ ತಡೆಗೆ ಸಿಗುವ 2 ಗಂಟೆಯ ಹೆಚ್ಚುವರಿಯನ್ನು ಇದರ ಜತೆ ಬೆರೆಸಬೇಡಿ. ಹೊರಡುವ ಮೊದಲು ಗೊತ್ತಾಗುವಂತಿರದ ಅಡಚಣೆಗೆ ಮಾತ್ರ ಅದು. ಮುನ್ಸೂಚನೆಯಲ್ಲಿದ್ದ ಹಿಮಕ್ಕೂ ಇಲ್ಲ, ನಿತ್ಯದ ಸಂಜೆ ಟ್ರಾಫಿಕ್‌ಗೂ ಇಲ್ಲ, ಲೋಡಿಂಗ್ ತಡವಾದದ್ದಕ್ಕಂತೂ ಇಲ್ಲವೇ ಇಲ್ಲ.

ಪ್ರಶ್ನೆ: ಯುರೋಪಿಗೆ ಹೋಗುವವನಿದ್ದೇನೆ. ಅಲ್ಲಿನ ಲೆಕ್ಕ ಸುಲಭವೇ?

ಉತ್ತರ: ಬೇರೆ, ಸುಲಭವಲ್ಲ. ಯುರೋಪಿಯನ್ ಒಕ್ಕೂಟದಲ್ಲಿ ದಿನಕ್ಕೆ 9 ಗಂಟೆ ಚಾಲನೆ, ವಾರದಲ್ಲಿ ಎರಡು ದಿನ ಮಾತ್ರ 10. ವಾರಕ್ಕೆ 56, ಸತತ ಎರಡು ವಾರ ಸೇರಿ 90. ಒಂದು ವಾರ 56 ಓಡಿಸಿದರೆ ಮುಂದಿನ ವಾರಕ್ಕೆ ಉಳಿಯುವುದು 34 ಮಾತ್ರ.

ನಾಲ್ಕೂವರೆ ಗಂಟೆ ಚಾಲನೆಗೆ 45 ನಿಮಿಷ ವಿರಾಮ ಬೇಕು. ಅದನ್ನು ಒಡೆಯಬಹುದು, ಆದರೆ ಮೊದಲು 15, ಆಮೇಲೆ 30. ತಿರುವುಮುರುವಾಗಿ 30 ಮೊದಲು, 15 ಆಮೇಲೆ ತೆಗೆದುಕೊಂಡರೆ ವಿರಾಮ ಆಗಲೇ ಇಲ್ಲವೆಂದೇ ಅರ್ಥ. ಟ್ಯಾಕೋಗ್ರಾಫ್‌ನಲ್ಲಿ (ಅಲ್ಲಿ ಚಾಲನೆ, ವಿರಾಮ ದಾಖಲಿಸುವ ಯಂತ್ರ) 15 ಕಂಡ ತಕ್ಷಣ ಕ್ಲಚ್ ಬಿಡಬೇಡಿ, 17 ಆಗಲಿ. 14 ಎಂದು ದಾಖಲಾದರೆ ಇಡೀ ವಿರಾಮ ವ್ಯರ್ಥ.

ಅಲ್ಲಿ 14ರ ಕಿಟಕಿ ಎಂಬ ಹೆಸರಿಲ್ಲ, ಆದರೆ ಕಟ್ಟು ಅದೇ. ಕೆಲಸ ಶುರುವಾದ 24 ಗಂಟೆಯೊಳಗೆ 11 ಗಂಟೆ ವಿಶ್ರಾಂತಿ ಮುಗಿದಿರಬೇಕು. ಎಂದರೆ 13ನೇ ಗಂಟೆಗೆ ಕೆಲಸ ಬಿಡಲೇಬೇಕು. ಒಂದು ವಾರದ ವಿಶ್ರಾಂತಿಗೂ ಮುಂದಿನ ವಾರದ ವಿಶ್ರಾಂತಿಗೂ ನಡುವೆ ಮೂರು ಸಲ ದಿನದ ವಿಶ್ರಾಂತಿಯನ್ನು 9ಕ್ಕೆ ಇಳಿಸಬಹುದು. ಆ ದಿನ 15 ಗಂಟೆ ಸಿಗುತ್ತದೆ. ಆ ಮೂರನ್ನು ವಾರದ ಆರಂಭದಲ್ಲೇ ಕಳೆದುಕೊಳ್ಳಬೇಡಿ. 45 ಗಂಟೆಯ ವಾರದ ವಿಶ್ರಾಂತಿಯನ್ನು ಕ್ಯಾಬಿನ್‌ನಲ್ಲಿ ಕಳೆಯುವಂತಿಲ್ಲ. ವಸತಿಯ ಖರ್ಚು ಮಾಲೀಕರದು.

ಪ್ರಶ್ನೆ: ಗಂಟೆ ಬಾಕಿ ಇದೆ, ಕಣ್ಣು ಎಳೆಯುತ್ತಿದೆ. ಕಾಫಿ ಸಾಕೇ?

ಉತ್ತರ: ಗಂಟೆಗೆ 90 ಕಿ.ಮೀ. ವೇಗದಲ್ಲಿ ನಾಲ್ಕು ಸೆಕೆಂಡ್ ಕಣ್ಣು ಮುಚ್ಚಿದರೆ ಲಾರಿ 100 ಮೀಟರ್ ಕುರುಡಾಗಿ ಹೋಗಿರುತ್ತದೆ. ಕಿಟಕಿ ತೆರೆಯುವುದು, ಹಾಡು ಜೋರು ಮಾಡುವುದು ಕೆಲವು ನಿಮಿಷದ ಮೋಸ. ನಿಲ್ಲಿಸಿ, ಕಾಫಿ ಕುಡಿದು ತಕ್ಷಣ 20 ನಿಮಿಷ ಮಲಗಿ. ಏಳುವ ಹೊತ್ತಿಗೆ ಕೆಫೀನ್ ಹತ್ತತೊಡಗಿರುತ್ತದೆ. ಎದ್ದು ಹತ್ತು-ಹದಿನೈದು ನಿಮಿಷ ಲಾರಿ ಸುತ್ತ ಓಡಾಡಿ, ಆಮೇಲೆ ಗೇರ್. ಇದು ನಿಮ್ಮನ್ನು ಹತ್ತಿರದ ನಿಲುಗಡೆಗೆ ಮುಟ್ಟಿಸಲು, ರಾತ್ರಿಯಿಡೀ ಓಡಿಸಲು ಅಲ್ಲ. ನಡುರಾತ್ರಿ 2ರಿಂದ ಬೆಳಗಿನ 6ರ ನಡುವೆ ದೇಹ ನಿದ್ದೆ ಬೇಡುತ್ತದೆ. ಹಗಲು 10 ಗಂಟೆ ಮಲಗಿ ಬಂದವರನ್ನೂ ಅದು ಬಿಡುವುದಿಲ್ಲ. ಕಾನೂನೂ ಇದನ್ನೇ ಹೇಳುತ್ತದೆ: ದಣಿದು ಓಡಿಸುವಂತಿಲ್ಲ, ಗಂಟೆ ಎಷ್ಟೇ ಬಾಕಿ ಇರಲಿ. ಅಮೆರಿಕದಲ್ಲಿ ನಿಯಮ ಮುರಿದು ಓಡಿಸು ಎಂದು ಬೆದರಿಸಿದರೆ, ಘಟನೆಯ 90 ದಿನದೊಳಗೆ ಕೇಂದ್ರ ಸಾರಿಗೆ ಸುರಕ್ಷತಾ ಇಲಾಖೆಗೆ ಲಿಖಿತ ದೂರು ಕೊಡಬಹುದು. ಬಂದ ಮೆಸೇಜ್ ಅಳಿಸದೆ ಇಟ್ಟುಕೊಳ್ಳಿ.

ಪ್ರಶ್ನೆ: ಲಾಗ್ ಯಂತ್ರವೇ ಕೆಟ್ಟರೆ?

ಉತ್ತರ: ಅಮೆರಿಕದಲ್ಲಾದರೆ 24 ಗಂಟೆಯೊಳಗೆ ಕಂಪನಿಗೆ ಬರಹದಲ್ಲಿ ತಿಳಿಸಿ. ಆ ದಿನದ್ದು ಮತ್ತು ಹಿಂದಿನ 7 ದಿನದ್ದು ಯಂತ್ರದಿಂದ ಸಿಗದಿದ್ದರೆ ಕಾಗದದ ಮೇಲೆ ಬರೆಯಿರಿ. ಕನಿಷ್ಠ 8 ದಿನಕ್ಕಾಗುವಷ್ಟು ಖಾಲಿ ಲಾಗ್ ಹಾಳೆ ಕ್ಯಾಬಿನ್‌ನಲ್ಲಿ ಇರಲೇಬೇಕು. ತಪಾಸಣೆಯವರು ಮೊದಲು ಕೇಳುವುದರಲ್ಲಿ ಅದೂ ಒಂದು.