ಎರಡೇ ಸಲ ಗೆದ್ದವರು ಚಕ್ರವರ್ತಿ ಹೇಗಾದರು?

ಪ್ರಶ್ನೆ: ಸ್ಟಾರ್‌ಕ್ರಾಫ್ಟ್ ಅನ್ನೋ ಕಂಪ್ಯೂಟರ್ ಯುದ್ಧದಾಟದ ದಕ್ಷಿಣ ಕೊರಿಯಾ ಆಟಗಾರ ಲಿಮ್ ಯೋ-ಹ್ವಾನ್ ಅವರನ್ನು ಎಲ್ಲರೂ ‘ಚಕ್ರವರ್ತಿ’ ಅಂತಾರೆ. ಆದರೆ ಅವರು ಅಲ್ಲಿನ ದೊಡ್ಡ ಟೂರ್ನಿ ಓಎಸ್‌ಎಲ್ ಗೆದ್ದಿದ್ದು ಎರಡೇ ಸಲ. ಮೂರು ಸಲ ಗೆದ್ದವರೂ ಇದ್ದಾರೆ. ಕೊನೆಗೆ ಆಟ ಬಿಟ್ಟು ಪೋಕರ್ ಕಡೆ ಹೋದರು. ಹೊಗಳಿಕೆ ಸ್ವಲ್ಪ ಜಾಸ್ತಿ ಆಯ್ತಲ್ವಾ?
– ಓದುಗರೊಬ್ಬರು, ಶಿವಮೊಗ್ಗ

ಉತ್ತರ: ಖಂಡಿತ ಇಲ್ಲ. ಕಪ್ ಲೆಕ್ಕ ನೀವು ಹೇಳಿದ್ದು ಸರಿ. ಆರು ಓಎಸ್‌ಎಲ್ ಫೈನಲ್ ಆಡಿ ನಾಲ್ಕರಲ್ಲಿ ಸೋತರು, ಗೆದ್ದ ಎರಡೂ 2001ರಲ್ಲೇ. ಆದರೆ ಆಗಿನ ಪರಿಸ್ಥಿತಿ ನೋಡಿ. ಸ್ಟಾರ್‌ಕ್ರಾಫ್ಟ್‌ನ ಮೂರು ಪಡೆಗಳಲ್ಲಿ ಟೆರನ್ ಕೈಲಾಗದ ಪಡೆ ಅಂತ ಜನ ಮಾತಾಡ್ತಿದ್ದ ಕಾಲ ಅದು. ಲಿಮ್ ಅದನ್ನೇ ಹಿಡಿದರು. ಎದುರಾಳಿ ಮುಂಬಾಗಿಲು ಕಾಯ್ತಾ ಕೂತಿದ್ದರೆ ಇವರ ಡ್ರಾಪ್‌ಶಿಪ್, ಅಂದ್ರೆ ಸೈನಿಕರನ್ನು ಹೊತ್ತೊಯ್ಯೋ ವಿಮಾನ, ನಕ್ಷೆಯ ಅಂಚಿನಲ್ಲೇ ಹಾರಿ ಹಿಂದಿನಿಂದ ಬಂದು, ನಾಲ್ಕಾರು ಸೈನಿಕರನ್ನು ಇಳಿಸಿ, ಸಂಪನ್ಮೂಲ ಕೂಡಿಹಾಕೋ ಕೆಲಸಗಾರರನ್ನು ಹೊಡೆದು, ದೊಡ್ಡ ಸೈನ್ಯ ವಾಪಸ್ ಓಡಿ ಬರೋಷ್ಟರಲ್ಲಿ ಮತ್ತೆ ಎಲ್ಲರನ್ನೂ ಹತ್ತಿಸಿಕೊಂಡು ಹೊರಟುಬಿಡ್ತಿತ್ತು. ಆಟ ಗೊತ್ತಿಲ್ಲದವರಿಗೂ ಟಿವಿಯಲ್ಲಿ ಇದು ಅರ್ಥ ಆಗ್ತಿತ್ತು! ಅವರ ಅಭಿಮಾನಿ ಬಳಗದಲ್ಲಿ 5 ಲಕ್ಷಕ್ಕೂ ಜಾಸ್ತಿ ಜನ ಸೇರಿದ್ದು ಸುಮ್ನೆ ಅಲ್ಲ. 2001, 2002 ಎರಡೂ ವರ್ಷ ವರ್ಲ್ಡ್ ಸೈಬರ್ ಗೇಮ್ಸ್ ಅನ್ನೋ ಅಂತರರಾಷ್ಟ್ರೀಯ ವಿಡಿಯೊ ಗೇಮ್ ಕೂಟದ ಚಿನ್ನವೂ ಅವರದ್ದೇ.

2004ರ ಓಎಸ್‌ಎಲ್ ಸೆಮಿಫೈನಲ್‌ನಲ್ಲಿ ಹಳೆಯ ಎದುರಾಳಿ ಹಾಂಗ್ ಜಿನ್-ಹೋ ಮೇಲೆ ಮೂರು ಆಟದಲ್ಲೂ ಒಂದೇ ಪಟ್ಟು ಹಾಕಿದರು. ಶುರುವಿನಲ್ಲೇ ಕೆಲಸಗಾರರನ್ನೂ ಕರೆದುಕೊಂಡು ಹೋಗಿ, ಎದುರಾಳಿಯ ಮನೆ ಹತ್ತಿರವೇ ಬಂಕರ್ (ಸೈನಿಕರು ಒಳಗಿಂದಲೇ ಗುಂಡು ಹಾರಿಸೋ ಅಡಗುದಾಣ) ಕಟ್ಟೋದು. 3-0. ಇಂಥ ಜೋಡಿಯ ಪಂದ್ಯ ಇಷ್ಟು ಬೇಗ ಮುಗೀತಲ್ಲ ಅಂತ ಜನ ಬೈದರು. ಫೈನಲ್‌ನಲ್ಲಿ ಸಿಕ್ಕಿದ್ದು ತಾವೇ ಬೆಳೆಸಿದ ಹುಡುಗ ಚೋಯ್ ಯೋನ್-ಸುಂಗ್. 2-3ರಿಂದ ಸೋತು ಕಣ್ಣೀರು ಹಾಕಿದರು. ಮುಂದಿನ ವರ್ಷವೂ ಫೈನಲ್, ಅದೇ 2-3.

ನನ್ನ ಪ್ರಕಾರ ಅವರ ದೊಡ್ಡ ಕೆಲಸ ಇದಾದ ಮೇಲಿನದ್ದು. ಕೊರಿಯಾದಲ್ಲಿ ಗಂಡುಮಕ್ಕಳಿಗೆ ಸೇನೆ ಸೇವೆ ಕಡ್ಡಾಯ. ಹೆಚ್ಚುಕಡಿಮೆ ಎರಡು ವರ್ಷ ಮೌಸ್ ಮುಟ್ಟದಿದ್ದರೆ ಬೆರಳಿನ ವೇಗ ಹೋಯಿತು, ಆಟಗಾರನ ಕಥೆ ಮುಗೀತು ಅಂತಲೇ ಎಲ್ಲರ ಲೆಕ್ಕ. 2006ರಲ್ಲಿ ಲಿಮ್ ವಾಯುಪಡೆ ಸೇರಿದರು. 2007ರಲ್ಲಿ ವಾಯುಪಡೆಯೇ ‘ಏಸ್’ ಅನ್ನೋ ತಂಡ ಕಟ್ಟಿ ಸ್ಟಾರ್‌ಕ್ರಾಫ್ಟ್ ತಂಡಗಳ ಲೀಗ್‌ಗೆ ಇಳಿಸಿತು. ಸಮವಸ್ತ್ರದಲ್ಲಿದ್ದುಕೊಂಡೇ ಟೂರ್ನಿ ಆಡಿದರು, 2008ರ ಕೊನೆಗೆ ಬಿಡುಗಡೆಯಾಗಿ ಹಳೆಯ ತಂಡ ಎಸ್‌ಕೆ ಟೆಲಿಕಾಂ ಟಿ1ಗೆ ವಾಪಸ್ ಬಂದರು. ಅವರ ನಂತರ ಎಷ್ಟೋ ಆಟಗಾರರು ಅದೇ ಏಸ್ ತಂಡದಲ್ಲಿ ಸೇವೆ ಮುಗಿಸಿದರು. ಇದನ್ನು ಯಾವ ಕಪ್ ಜೊತೆ ತೂಗ್ತೀರಿ ಹೇಳಿ?

2010ರಲ್ಲಿ ಮೂವತ್ತರ ವಯಸ್ಸಲ್ಲಿ ಸ್ಟಾರ್‌ಕ್ರಾಫ್ಟ್ 2ಕ್ಕೆ ಬದಲಾದರು, ಅದರ ದೊಡ್ಡ ಟೂರ್ನಿ ಜಿಎಸ್‌ಎಲ್ ಸೆಮಿಫೈನಲ್‌ವರೆಗೂ ಹೋದರು, ‘ಸ್ಲೇಯರ್ಸ್’ ಅನ್ನೋ ಸ್ವಂತ ತಂಡ ಕಟ್ಟಿದರು. ಆಮೇಲೆ ಟಿ1ಗೆ ಕೋಚ್. 2013ರಲ್ಲಿ ಆರೋಗ್ಯ ಕೈಕೊಟ್ಟಿತು, ಬಿಟ್ಟರು. ಪೋಕರ್ ಶುರುವಾಗಿದ್ದು ಅದಾದ ಮೇಲೆ. ಎದುರಿಗೆ ಕೂತವನ ಮನಸ್ಸು ಓದೋದೇ ಬದುಕಾಗಿದ್ದ ಮನುಷ್ಯನಿಗೆ ಅದು ದೂರದ ಊರೇನಲ್ಲ.

2005ರ ಸೆಮಿಫೈನಲ್ ಹುಡುಕಿ ನೋಡಿ, ಪಾರ್ಕ್ ಜಿ-ಹೋ ವಿರುದ್ಧದ್ದು. 0-2ರಿಂದ ಹಿಂದಿದ್ದವರು 3-2 ಮಾಡಿದರು. ನೋಡಿದ ಮೇಲೂ ಹೊಗಳಿಕೆ ಜಾಸ್ತಿ ಅನಿಸಿದರೆ ಮತ್ತೆ ಬರೆಯಿರಿ.