ನೆಟ್ಟು ನಾಲ್ಕು ತಿಂಗಳಾಯ್ತು, ಗುಲಾಬಿ ಮತ್ತೆ ಹೂ ಬಿಡ್ಲೇ ಇಲ್ಲ

ಪ್ರಶ್ನೆ: ನಮಸ್ತೆ ಅಕ್ಕ. ನಮ್ಮ ಮನೆ ಕಾಸರಗೋಡಿನ ಪೆರ್ಲದ ಹತ್ರ, ಸುತ್ತ ಅಡಕೆ ತೋಟ. ಪತ್ತನಾಜೆ (ಮೇ ಕೊನೆಗೆ ಬರುವ ತುಳುನಾಡಿನ ಆಚರಣೆ) ಕಳೆದು ಒಂದು ವಾರಕ್ಕೆ ಮಂಗಳೂರಿಂದ ಬರುವಾಗ ನರ್ಸರಿಯಿಂದ ಒಂದು ಕೆಂಪು ಕಸಿ ಗುಲಾಬಿ ತಂದು ಮನೆಯ ಬಡಗು (ಉತ್ತರ) ಬದಿಯಲ್ಲಿ ಗೋಡೆಗೆ ತಾಗಿದ ಹಾಗೆ ನೆಟ್ಟೆ. ತರುವಾಗ 3 ಹೂ 4 ಮೊಗ್ಗು ಇತ್ತು. ಮಳೆ ಸುರುವಾದ ಮೇಲೆ ಮೊಗ್ಗೆಲ್ಲ ಕಂದು ಬಣ್ಣ ಆಗಿ ಅರಳದೆ ಉದುರಿತು, ಎಲೆಯಲ್ಲಿ ಕಪ್ಪು ಕಪ್ಪು ಚುಕ್ಕೆ ಬಂದು ಅರ್ಧ ಗಿಡ ಬೋಳಾಯ್ತು. ತೋಟಕ್ಕೆ ತಂದ ಯೂರಿಯಾ ಉಳಿದದ್ದಿತ್ತು, ಒಂದು ಮುಷ್ಟಿ ಹಾಕಿದೆ. ಈಗ ಬುಡದಿಂದ ಒಂದು ಉದ್ದ ಗೆಲ್ಲು ಬಂದು ನನ್ನ ಎತ್ತರಕ್ಕೆ ಬೆಳೆದಿದೆ ಆದ್ರೆ ಒಂದೇ ಒಂದು ಮೊಗ್ಗಿಲ್ಲ. ಅತ್ತೆ ದಿನಾ ದೇವರಿಗೆ ಒಂದು ಗುಲಾಬಿ ಇಡ್ಬೇಕು ಅಂತ ಆಸೆ ಪಟ್ಟು ತರಿಸಿದ್ದು, ಅವರ ಮುಖ ನೋಡುವಾಗ ಬೇಜಾರಾಗ್ತದೆ. ಆಚೆಮನೆಯವರು ಬುಡದವರೆಗೆ ಕಡಿದು ಬಿಡಿ ಅಂತಾರೆ, ಇವರು ಕಿತ್ತು ಬೇರೆ ತರುವ ಅಂತಾರೆ. ಎಂತ ಮಾಡುದು?

ಉತ್ತರ: ಕೀಳ್ಬೇಡಿ ತಂಗಿ, ಬುಡದವರೆಗೆ ಕಡಿಯುದೂ ಬೇಡ. ಗಿಡ ಇನ್ನೂ ಜೀವ ಹಿಡ್ಕೊಂಡೇ ಉಂಟು ಅಂತ ನಿಮ್ಮ ಕಾಗದದಿಂದಲೇ ಗೊತ್ತಾಗ್ತದೆ. ಆದ್ರೆ ಆ ಉದ್ದ ಗೆಲ್ಲು ಇದೆಯಲ್ಲ, ಅದರ ವಿಷಯ ಮೊದಲು ನೋಡುವ, ಯಾಕಂದ್ರೆ ಉಳಿದದ್ದೆಲ್ಲ ಸರಿ ಮಾಡಿ ಅದೊಂದನ್ನು ಬಿಟ್ರೆ ಮುಂದಿನ ವರ್ಷವೂ ನೀವು ಇದೇ ಪ್ರಶ್ನೆ ಬರೀಬೇಕಾಗ್ತದೆ.

ನರ್ಸರಿ ಗುಲಾಬಿ ಹೆಚ್ಚಾಗಿ ಎರಡು ಗಿಡ ಸೇರಿ ಆದದ್ದು. ಕೆಳಗೆ ಬೇರು ಗಟ್ಟಿ ಇರುವ ಒಂದು ಕಾಡು ಜಾತಿ, ಅದರ ಮೇಲೆ ನಮಗೆ ಬೇಕಾದ ಹೂವಿನ ಗಿಡದ, ಚಿಗುರೊಡೆಯುವ ಒಂದು ಕಣ್ಣು ಕೂರಿಸಿರ್ತಾರೆ. ಬುಡದ ಹತ್ರ ಮಣ್ಣು ಸರಿಸಿ ನೋಡಿ, ಗಂಟಿನ ಹಾಗೆ ಉಬ್ಬಿದ ಒಂದು ಜಾಗ ಸಿಗ್ತದೆ, ಅದೇ ಕಸಿಗಂಟು. ನಿಮ್ಮ ಆ ಉದ್ದ ಗೆಲ್ಲು ಈ ಗಂಟಿನ ಕೆಳಗಿಂದ ಬಂದದ್ದಾದ್ರೆ ಅದು ನೀವು ತಂದ ಕೆಂಪು ಗುಲಾಬಿಯೇ ಅಲ್ಲ, ಕೆಳಗಿನ ಕಾಡು ಗಿಡ ಚಿಗುರಿದ್ದು. ಬೇರಿನ ಸತ್ವ ಎಲ್ಲ ಅದೇ ಕುಡೀತದೆ, ಮೇಲಿನ ಗಿಡ ಸೊರಗ್ತಾ ಹೋಗ್ತದೆ. ಎಲೆ ನೋಡಿ ಕಂಡುಹಿಡೀಬಹುದು ಅಂತ ಕೆಲವರು ಹೇಳ್ತಾರೆ, ಒಂದು ತೊಟ್ಟಿನಲ್ಲಿ 7 ಎಲೆ ಇದ್ರೆ ಕಾಡು, 5 ಇದ್ರೆ ಊರು ಅಂತ. ನಾನು ಅದನ್ನು ಪೂರ್ತಿ ನಂಬುದಿಲ್ಲ, ಒಳ್ಳೆ ಜಾತಿಯಲ್ಲೂ 7 ಎಲೆ ಬರುದುಂಟು. ಎಲ್ಲಿಂದ ಹುಟ್ಟಿದ್ದು ಅಂತ ನೋಡುದೇ ಸರಿಯಾದ ಲೆಕ್ಕ. ಗಂಟಿನ ಕೆಳಗಿಂದಾದ್ರೆ ಕತ್ತರಿಯಲ್ಲಿ ಕತ್ತರಿಸ್ಬೇಡಿ, ಕತ್ತರಿಸಿದ್ರೆ ಒಂದು ಇದ್ದದ್ದು ನಾಲ್ಕಾಗಿ ಬರ್ತದೆ. ಅದು ಹುಟ್ಟಿದ ಜಾಗದವರೆಗೆ ಮಣ್ಣು ಬಿಡಿಸಿ, ಕೈಗೆ ದಪ್ಪ ಬಟ್ಟೆ ಸುತ್ತಿಕೊಂಡು ಕೆಳಮುಖವಾಗಿ ಎಳೆದು ಬುಡಸಮೇತ ಹರಿದು ತೆಗೀರಿ. ಗಂಟಿನ ಮೇಲಿಂದ ಬಂದದ್ದಾದ್ರೆ ಮಾತ್ರ ಮುಟ್ಟುದು ಬೇಡ, ನಾಳೆ ಹೂ ಕೊಡುವ ಗೆಲ್ಲು ಅದೇ.

ಇನ್ನು ಜಾಗ. ಬಡಗು ಗೋಡೆ ಅಂದ್ರಲ್ಲ, ನನಗೆ ಅಲ್ಲೇ ಮನಸ್ಸು ನಿಂತಿತು. ಮೇ ಜೂನ್‌ನಲ್ಲಿ ಸೂರ್ಯ ನಮ್ಮ ನೆತ್ತಿಗಿಂತ ಸ್ವಲ್ಪ ಬಡಗಿಗೆ ಇರ್ತಾನೆ, ಹಾಗಾಗಿ ನೆಡುವಾಗ ನಿಮಗೆ ಅಲ್ಲಿ ಒಳ್ಳೆ ಬಿಸಿಲು ಕಂಡದ್ದು. ದಕ್ಷಿಣಾಯನದಲ್ಲಿ ಅವನು ತೆಂಕಿಗೆ ಜಾರ್ತಾ ಹೋಗ್ತಾನೆ, ಡಿಸೆಂಬರ್‌ಗೆ ಮನೆಯ ನೆರಳು ಪೂರ್ತಿ ಗಿಡದ ಮೇಲೇ ಬೀಳ್ತದೆ, ಮಧ್ಯಾಹ್ನ 12 ಗಂಟೆಗೂ. ಗುಲಾಬಿಗೆ ದಿನಕ್ಕೆ 6 ಗಂಟೆಯಾದ್ರೂ ನೇರ ಬಿಸಿಲು ಬೇಕು, ಅದರಲ್ಲೂ ಬೆಳಗ್ಗಿನದ್ದು, ಅದು ಇಲ್ಲದಿದ್ರೆ ನೀವು ಏನು ಗೊಬ್ಬರ ಹಾಕಿದ್ರೂ ಬರೀ ಎಲೆಯೇ. ನಮ್ಮಲ್ಲಿ ಮನೆ ಸುತ್ತ ಅಡಕೆ ತೆಂಗು ಇರುವ ಕಾರಣ ಬಿಸಿಲಿನ ಜಾಗ ಹುಡುಕುದೇ ಕಷ್ಟ, ಗೊತ್ತುಂಟು. ಅಡಕೆ ಒಣಗಿಸುವ ಅಂಗಳದ ಕರೆ (ಅಂಚು) ನೋಡಿ, ಮನೆಯವರು ಅಲ್ಲಿ ಅಡಕೆ ಹರವುದೇ ಬಿಸಿಲು ಇರುವ ಕಾರಣ ಅಲ್ವಾ.

ಗಿಡ ನೆಟ್ಟು ನಾಲ್ಕೇ ತಿಂಗಳಾದ್ದರಿಂದ ಜಾಗ ಬದಲಿಸ್ಬಹುದು. ಆದ್ರೆ ಈಗಲೇ ಬೇಡ, ಮಳೆಯ ಜೋರು ಇಳೀಲಿ, ಅಕ್ಟೋಬರ್ ನಡುವಿಗೆ ಮಾಡಿ, ಸಂಜೆ ಹೊತ್ತು. ಒಂದೂವರೆ ಅಡಿ ಗುಂಡಿ ತೋಡಿ. ನಿಮ್ಮದು ಮುರಕಲ್ಲಿನ (ಜಂಬಿಟ್ಟಿಗೆ ಕಲ್ಲಿನ) ಜಾಗ ಆಗಿದ್ರೆ ಅಡಿಯಲ್ಲಿ ನೀರು ನಿಲ್ತದಾ ಅಂತ ಒಂದು ಬಕೆಟ್ ನೀರು ಹೊಯ್ದು ನೋಡಿ, ನಿಂತರೆ ಗುಂಡಿ ಬಿಟ್ಟು ಮಣ್ಣು ಏರಿಸಿ ದಿಬ್ಬದ ಮೇಲೆ ನೆಡುದು. ತೋಡಿದ ಮಣ್ಣಿಗೆ ಚೆನ್ನಾಗಿ ಹುಡಿಯಾದ ಹಳೆ ಹಟ್ಟಿಗೊಬ್ಬರ ಅರ್ಧದಷ್ಟು, ಸ್ವಲ್ಪ ಹೊಯಿಗೆ (ಮರಳು), ಎರಡು ಮುಷ್ಟಿ ಬೇವಿನ ಹಿಂಡಿ, ಒಂದು ಮುಷ್ಟಿ ಎಲುಬಿನ ಹುಡಿ. ಇಷ್ಟು ಮಳೆ ಬಿದ್ದು ಬಿದ್ದು ನಮ್ಮ ಮಣ್ಣಿಗೆ ಹುಳಿ ಜಾಸ್ತಿ, ಹಾಗಾಗಿ ಗಿಡ ಕೀಳುವ 15 ದಿನ ಮೊದಲೇ ಗುಂಡಿ ತೋಡಿಟ್ಟು ಆ ಮಣ್ಣಿಗೆ ಒಂದು ಮುಷ್ಟಿ ಸುಣ್ಣ ಬೆರೆಸಿಡಿ, ಗೊಬ್ಬರ ನೆಡುವ ದಿನ ಸೇರಿಸಿದ್ರೆ ಸಾಕು. ಪಂಚಾಯತಿನ ಕೃಷಿ ಭವನದಲ್ಲಿ ಮಣ್ಣು ಪರೀಕ್ಷೆಗೆ ಕೊಟ್ರೆ ಇನ್ನೂ ಒಳ್ಳೇದು, ತೋಟಕ್ಕೂ ಆಯ್ತು.

ಕೀಳುವಾಗ ಇನ್ನೊಂದು ನೋಡಿ. ನರ್ಸರಿಯ ಪ್ಲಾಸ್ಟಿಕ್ ತೊಟ್ಟೆಯೊಳಗಿದ್ದ ಕೆಂಪು ಮಣ್ಣಿನ ಉಂಡೆ ಹಾಗೇ ಗಟ್ಟಿಯಾಗಿ ಉಳಿದಿದ್ರೆ ಬೇರು ಅದರೊಳಗೇ ಸುತ್ತಿಕೊಂಡಿರ್ತದೆ, ಹೊರಗಿನ ಮಣ್ಣಿಗೆ ಇಳಿದೇ ಇರುದಿಲ್ಲ. ಹೊಸ ಗಿಡ ಒಂದ್ಸಲ ಹೂ ಕೊಟ್ಟು ಸುಮ್ಮನಾಗ್ಲಿಕ್ಕೆ ಇದೂ ಒಂದು ಕಾರಣ, ಮೊದಲು ಕಂಡ ಹೂ ನರ್ಸರಿಯಲ್ಲಿದ್ದಾಗಿನ ಆರೈಕೆಯದ್ದು, ನಿಮ್ಮ ಮಣ್ಣಿನದ್ದು ಇನ್ನು ಬರ್ಬೇಕಷ್ಟೆ. ಉಂಡೆಯನ್ನು ಒಂದು ಗಳಿಗೆ ನೀರಲ್ಲಿಟ್ಟು ಹೊರಗಿನ ಮಣ್ಣು ಮಾತ್ರ ಬೆರಳಲ್ಲಿ ಮೆಲ್ಲ ಸಡಿಲಿಸಿ, ನಡುವಿನದ್ದು ಒಡೀಬೇಡಿ. ನೆಡುವಾಗ ಕಸಿಗಂಟು ಮಣ್ಣಿಂದ 2 ಇಂಚು ಮೇಲಿರ್ಲಿ.

ಅದೇ ದಿನ ಸಣ್ಣ ಮಟ್ಟಿಗೆ ಗೆಲ್ಲು ಕತ್ತರಿಸಿ. ಒಣಗಿದ್ದು, ಕಡ್ಡಿಯ ಹಾಗೆ ಸಪುರ ಆದದ್ದು, ಒಂದಕ್ಕೊಂದು ಉಜ್ಜುವಂಥದ್ದು ತೆಗೆದು, ಒಳ್ಳೆ ಗೆಲ್ಲುಗಳನ್ನು ಮೂರರಲ್ಲಿ ಒಂದು ಪಾಲು ಗಿಡ್ಡ ಮಾಡಿ, ಹೊರಮುಖ ಇರುವ ಕಣ್ಣಿನ ಕಾಲು ಇಂಚು ಮೇಲೆ ಓರೆಯಾಗಿ. ಮೊದಲ ವರ್ಷ ಅದಕ್ಕಿಂತ ಜಾಸ್ತಿ ಕಡಿದ್ರೆ ಗಿಡಕ್ಕೆ ತಡ್ಕೊಳ್ಲಿಕ್ಕೆ ಆಗುದಿಲ್ಲ. ಕಡಿದ ಬಾಯಿಗೆ ಬೋರ್ಡೋ ಪೇಸ್ಟ್ ಹಚ್ಚಿ. ಅಡಕೆಯ ಕೊಳೆರೋಗಕ್ಕೆ ಸಿಂಪಡಿಸ್ಲಿಕ್ಕೆ ತಂದ ಮೈಲುತುತ್ತು ಸುಣ್ಣ ಮನೆಯಲ್ಲಿ ಉಂಟಲ್ಲ, 100 ಗ್ರಾಂ ಮೈಲುತುತ್ತು, 100 ಗ್ರಾಂ ಸುಣ್ಣ ಬೇರೆ ಬೇರೆ ಪ್ಲಾಸ್ಟಿಕ್ ಪಾತ್ರೆಯಲ್ಲಿ ಅರ್ಧರ್ಧ ಲೀಟರ್ ನೀರಲ್ಲಿ ಕದಡಿ ಮತ್ತೆ ಕೂಡಿಸುದು, ನಿಮ್ಮವರಿಗೆ ಹೇಳಿಕೊಡ್ಬೇಕಂತಿಲ್ಲ. ಇದನ್ನು ಮಾಡದಿದ್ರೆ ತುಲಾ ತಿಂಗಳ (ಅಕ್ಟೋಬರ್-ನವೆಂಬರ್) ಸಂಜೆಮಳೆಗೆ ಗೆಲ್ಲು ತುದಿಯಿಂದ ಕೆಳಗೆ ಕಪ್ಪಾಗ್ತಾ ಒಣಗಿಕೊಂಡು ಬರ್ತದೆ, ಎಷ್ಟೋ ಗಿಡ ಹಾಗೇ ಹೋಗುದು.

ಕಪ್ಪು ಚುಕ್ಕೆ ಶಿಲೀಂಧ್ರದ್ದು. ಎಲೆ 7 ಗಂಟೆಗಿಂತ ಹೆಚ್ಚು ಒದ್ದೆಯಾಗಿಯೇ ಇದ್ರೆ ಅದು ಹಿಡೀತದೆ, ಆಟಿ ತಿಂಗಳ (ಜುಲೈ-ಆಗಸ್ಟ್) ಮಳೆಯಲ್ಲಿ ತಪ್ಪಿಸುದು ಕಷ್ಟವೇ, ನಿಮ್ಮ ತಪ್ಪಲ್ಲ. ಬಿದ್ದ ಎಲೆ ಹೆಕ್ಕಿ ಸುಟ್ಟುಬಿಡಿ, ನೀರು ಬೆಳಗ್ಗೆ ಬುಡಕ್ಕೆ ಮಾತ್ರ ಹೊಯ್ಯಿರಿ.

ಮತ್ತೆ ಯೂರಿಯಾ. ಪ್ರೀತಿಯಿಂದ ಹಾಕಿದ್ದು ಅಂತ ಗೊತ್ತು, ಆದ್ರೆ ಎಳೆ ಬೇರಿಗೆ ಒಂದು ಮುಷ್ಟಿ ಯೂರಿಯಾ ಅಂದ್ರೆ ಸುಡ್ತದೆ, ಸುಡದೆ ಉಳಿದ್ರೂ ಎಲೆ ಗೆಲ್ಲು ಬೆಳೆಸ್ತದೆಯೇ ಹೊರತು ಮೊಗ್ಗಿಗೆ ಬರುದಿಲ್ಲ. ನೆಟ್ಟ ಮೇಲೆ ಒಂದು ತಿಂಗಳು ಏನೂ ಹಾಕ್ಬೇಡಿ, ಬೇರು ಕೂರ್ಲಿ. ಕೆಂಪು ಚಿಗುರು ಕಂಡ ಮೇಲೆ 15 ದಿನಕ್ಕೊಮ್ಮೆ ಗೋಬರ್ ಗ್ಯಾಸಿನ ಸ್ಲರಿ 10 ಪಾಲು ನೀರು ಸೇರಿಸಿ ಒಂದು ಚೆಂಬು, ಎರಡು ಸಲದ ನಡುವೆ ತಿಂಗಳಿಗೊಮ್ಮೆ ಒಲೆಬೂದಿ ಒಂದು ಹಿಡಿ. ಚಾಹುಡಿ ಹಾಕ್ತೇನೆ ಅಂತ ಕೆಲವರು ಬರೀತಾರೆ, ಹಾಕಿ, ಆದ್ರೆ ಸಕ್ಕರೆ ತೊಳೆದು ಹಾಕಿ, ಇಲ್ಲದಿದ್ರೆ ಇರುವೆ.

ಕತ್ತರಿಸಿದಲ್ಲಿಂದ ಹೂವಿಗೆ ಸಾಧಾರಣ 45-50 ದಿನ, ಜಾಗ ಬದಲಿಸಿದ ಕಾರಣ ಇನ್ನೂ ಸ್ವಲ್ಪ ಹಿಡೀಬಹುದು. ಮೊದಲ ಒಂದೆರಡು ಮೊಗ್ಗನ್ನು ಬಟಾಣಿ ಗಾತ್ರ ಇರುವಾಗ ಚಿವುಟಿಬಿಡಿ ತಂಗಿ, ಮನಸ್ಸು ಬರುದಿಲ್ಲ, ನನಗೂ ಬರುದಿಲ್ಲ, ಆದ್ರೂ ಚಿವುಟಿ, ಗಿಡ ಆ ಶಕ್ತಿಯನ್ನು ಬೇರಿಗೆ ಹಾಕ್ತದೆ. ಅತ್ತೆಯವರಿಗೆ ಮೊದಲೇ ಹೇಳಿಡಿ. ಆಮೇಲೆ ಅರಳಿದ ಹೂವನ್ನು ಗಿಡದಲ್ಲೇ ಒಣಗ್ಲಿಕ್ಕೆ ಬಿಡ್ಬೇಡಿ, 5 ಎಲೆ ಇರುವ ತೊಟ್ಟಿನ ಮೇಲಕ್ಕೆ ಕತ್ತರಿಸಿ ತೆಗೆದ್ರೆ ಅಲ್ಲಿಂದಲೇ ಮುಂದಿನ ಗೆಲ್ಲು ಬರ್ತದೆ. ದೇವರಿಗೆ ಕೊಯ್ಯುವಾಗಲೂ ಹೂ ಮಾತ್ರ ಚಿವುಟದೆ ಹೀಗೇ ತೊಟ್ಟುಸಮೇತ ಕೊಯ್ಯಿರಿ.

ಪ್ರಶ್ನೆ: ಮದುವೆ ಹಾಲ್‌ನಿಂದ ತಂದ ಗುಲಾಬಿ ಕಡ್ಡಿ ನೆಟ್ರೆ ಬರ್ತದಾ? ನಮ್ಮದು ಮಂಜೇಶ್ವರ.

ಉತ್ತರ: ಚಿಗುರ್ಬಹುದು, ಆದ್ರೆ ನನಗೆ ಅದರ ಮೇಲೆ ಭರವಸೆ ಇಲ್ಲ. ಮದುವೆ ಹಾಲ್‌ನ ಅಲಂಕಾರಕ್ಕೆ ಬರುವ ಉದ್ದ ತೊಟ್ಟಿನ ಗುಲಾಬಿ ಹೆಚ್ಚಾಗಿ ಹೊಸೂರು, ಬೆಂಗಳೂರು ಕಡೆಯ ಪಾಲಿಹೌಸಿನದ್ದು, ಮಳೆ ತಾಗದೆ ತಂಪಲ್ಲಿ ಬೆಳೆದದ್ದು, ಸಮುದ್ರದ ಕರೆಯ ಸೆಕೆ, ಮಳೆ ಎರಡೂ ಅದಕ್ಕೆ ಆಗಿ ಬರುದಿಲ್ಲ. ಹತ್ತಿರದ ಯಾರ ಮನೆಯಲ್ಲಾದ್ರೂ ಹಳೆ ಪನ್ನೀರ್ ಗುಲಾಬಿ ಇದ್ರೆ ಕೇಳಿ, ಪೆನ್ಸಿಲ್ ದಪ್ಪದ 6-8 ಇಂಚಿನ ಕಡ್ಡಿ, ಹೊಯಿಗೆ ಬೆರೆಸಿದ ಮಣ್ಣಲ್ಲಿ ನೆರಳಿಗೆ ನೆಡಿ. ಚಿಗುರಿತು ಅಂತ ಎಳೆದು ನೋಡ್ಬೇಡಿ, ಬೇರು ಚಿಗುರಿನ ನಂತರ ಬರುದು.